ಬೆಂಕಿಪುರದ ಕುಲುಮೆ: ಆರಿದ ಒಲೆಯನ್ನು ಮತ್ತೆ ಹೊತ್ತಿಸಬೇಕೆ?

ನಾನು ಭದ್ರಾವತಿಯ ಪ್ರೌಢಶಾಲೆಯೊಂದರಲ್ಲಿ ಇತಿಹಾಸ ಬೋಧಿಸುತ್ತಿದ್ದ ದಿನಗಳಲ್ಲಿ ಊರಿನ ಬದುಕು ಕಬ್ಬಿಣದ ಕಾರ್ಖಾನೆಯ ಸೈರನ್ನಿಗೆ ಹೊಂದಿಕೊಂಡು ನಡೆಯುತ್ತಿದ್ದಿತು. ಗೃಹಿಣಿಯರು ಅನ್ನಕ್ಕೆ ಎಸರಿಡುತ್ತಿದ್ದುದು, ಅಂಗಡಿಯವರು ಬಾಗಿಲು ತೆರೆಯುತ್ತಿದ್ದುದು, ಮಕ್ಕಳು ಚೀಲ ಹೆಗಲಿಗೇರಿಸುತ್ತಿದ್ದುದು ಎಲ್ಲವೂ ಆ ಕೂಗಿನ ಲೆಕ್ಕದಲ್ಲಿಯೇ. ಪಾಳಿ ಬದಲಾಗುವ ಹೊತ್ತಿಗೆ ನ್ಯೂಟೌನಿನ ರಸ್ತೆಯಲ್ಲಿ ಸೈಕಲ್ಲುಗಳ ಹೊಳೆಯೇ ಹರಿಯುತ್ತಿದ್ದಿತು. ಅದನ್ನು ದಾಟಲು ನಾವು ಮೇಷ್ಟರುಗಳು ಅಂಚಿನಲ್ಲಿ ಕಾದು ನಿಲ್ಲುತ್ತಿದ್ದೆವು. ಜೂನ್ ತಿಂಗಳಿನಲ್ಲಿ ಹೊಸ ತರಗತಿಯ ಮಕ್ಕಳನ್ನು ಪರಿಚಯ ಮಾಡಿಕೊಳ್ಳುವಾಗ "ನಿನ್ನ ತಂದೆಗೆ ಏನಪ್ಪಾ ಕೆಲಸ?" ಎಂದು ಕೇಳಿದರೆ ಬರುತ್ತಿದ್ದ ಉತ್ತರಗಳು ನನಗೆ ಈಗಲೂ ಬಾಯಿಪಾಠ: "ಫರ್ನೇಸು ಸಾರ್", "ರೋಲಿಂಗ್ ಮಿಲ್ಲು ಸಾರ್", "ಪೈಪ್ ಫೌಂಡ್ರಿ ಸಾರ್", ನಡುನಡುವೆ "ಪೇಪರ್ ಮಿಲ್ಲು ಸಾರ್". ಕನ್ನಡ, ತಮಿಳು, ತೆಲುಗು, ಉರ್ದು ಎಲ್ಲ ಮನೆಮಾತಿನ ಮಕ್ಕಳೂ ಆ ಒಂದೇ ಬೆಂಚಿನಲ್ಲಿ ಕುಳಿತಿರುತ್ತಿದ್ದರು. ಭಾಷಾವಾರು ಪ್ರಾಂತ್ಯಗಳ ಪಾಠವನ್ನು ಆ ತರಗತಿಯಲ್ಲಿ ಮಾಡುವಾಗ ನನಗೆ ಒಳಗೊಳಗೇ ನಗು ಬರುತ್ತಿದ್ದಿತು.

ಒಂದು ವರ್ಷ ಮಕ್ಕಳನ್ನು ಕಾರ್ಖಾನೆ ತೋರಿಸಲು ಕರೆದೊಯ್ದಿದ್ದೆ. ಕರಗಿದ ಉಕ್ಕಿನ ಎದುರು ನಿಂತಿದ್ದ ಹಿರಿಯ ಕೆಲಸಗಾರರೊಬ್ಬರು (ನನ್ನ ವಿದ್ಯಾರ್ಥಿಯೊಬ್ಬನ ತಂದೆ) ತಮ್ಮ ನೀಲಿ ಗಾಜನ್ನು ನನ್ನ ಕೈಗಿತ್ತು, "ಇದರಲ್ಲಿ ನೋಡಿ ಸಾರ್, ಬರಿಗಣ್ಣಿಗೆ ಆಗೋಲ್ಲ" ಎಂದರು. ನೋಡಿದೆ. ನನಗೆ ಕಂಡದ್ದು ಬೆಳಕು ಮಾತ್ರ. ಅವರಿಗೆ ಅದರಲ್ಲಿ ಏನೇನೋ ಕಾಣುತ್ತಿದ್ದಿತು. "ಇನ್ನೂ ಸ್ವಲ್ಪ ಆಗಬೇಕು" ಎಂದರು. ಕೆಲವು ನಿಮಿಷಗಳಾದ ಮೇಲೆ ಪ್ರಯೋಗಶಾಲೆಯಿಂದ ಬಂದ ಚೀಟಿಯೂ ಅದನ್ನೇ ಹೇಳಿತು. "ಇದನ್ನು ಎಲ್ಲಿ ಕಲಿತಿರಿ?" ಎಂದು ಕೇಳಿದೆ. "ನಮ್ಮ ಅಪ್ಪನೂ ಇಲ್ಲೇ ಇದ್ದರು ಸಾರ್" ಎಂದಷ್ಟೇ ಹೇಳಿದರು. ಆ ಮಾತಿನ ತೂಕ ನನಗೆ ತಿಳಿಯಲು ಬಹಳ ವರ್ಷಗಳು ಬೇಕಾದವು.

ಈಗ ನಿವೃತ್ತನಾಗಿ ಶಿವಮೊಗ್ಗದಲ್ಲಿ ನೆಲೆಸಿದ್ದೇನೆ. ಈಚೆಗೆ ಒಂದು ಸಂಜೆ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿದ್ದ. ಅವನ ಮನೆಗೆ ಸಮೀಪದಲ್ಲಿ ಬೆತ್ಲೆಹೆಮ್ ಎಂಬ ಊರಿದೆ. ಸ್ಯಾನ್‌ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ ಸೇತುವೆಗೆ ಉಕ್ಕು ಒದಗಿಸಿದ ಊರು ಅದು. 1995ರಲ್ಲಿ ಅಲ್ಲಿಯ ಊದುಕುಲುಮೆಗಳು ಆರಿದವು; 2001ರಲ್ಲಿ ಕಂಪನಿಯೇ ದಿವಾಳಿಯಾಯಿತು. "ಇಲ್ಲಿ ಕುಲುಮೆಗಳನ್ನು ಕೆಡವದೆ ಹಾಗೆಯೇ ಬಿಟ್ಟಿದ್ದಾರೆ ಸಾರ್. ಅವುಗಳ ಮುಂದೆ ಬಯಲಿನಲ್ಲಿ ಸಂಗೀತ ಕಚೇರಿ ನಡೆಯುತ್ತದೆ. ಪಕ್ಕದಲ್ಲಿ ಜೂಜಿನ ಮನೆ. ಈಗ ಇಲ್ಲಿಯವರು ಹೊರದೇಶದ ಉಕ್ಕಿಗೆ ಸುಂಕ ಹಾಕಿ ಕಾರ್ಖಾನೆಗಳನ್ನು ಮತ್ತೆ ಕರೆತರುತ್ತೇವೆ ಎನ್ನುತ್ತಿದ್ದಾರೆ. ಆಗುತ್ತದೆಯೇ? ನಮ್ಮೂರಿನದಾದರೂ ಮತ್ತೆ ಹೊತ್ತೀತೇ?" ಎಂದು ಕೇಳಿದ. ನಾನು ಅರ್ಥಶಾಸ್ತ್ರ ಓದಿದವನಲ್ಲ. ಆದರೆ ಮೇಷ್ಟರಾದವನು ಶಿಷ್ಯನ ಪ್ರಶ್ನೆಗೆ ಉತ್ತರ ಕೊಡದೆ ಇರಲಾಗದು. ನನಗೆ ತಿಳಿದ ದಾರಿ ಇತಿಹಾಸದ್ದು. ಆ ದಾರಿಯಲ್ಲಿಯೇ ಉತ್ತರ ಹುಡುಕಿದ್ದೇನೆ.

ಭದ್ರಾವತಿಯ ಹಳೆಯ ಹೆಸರು ಬೆಂಕಿಪುರ. ಕುಲುಮೆ ಬರುವುದಕ್ಕೆ ಮೊದಲೇ ಊರಿಗೆ ಈ ಹೆಸರಿದ್ದುದು ಒಂದು ಸೋಜಿಗ. ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹನ ಗುಡಿ, ಪಕ್ಕದಲ್ಲಿ ಭದ್ರೆ, 1899ರಲ್ಲಿ ಬೀರೂರಿನಿಂದ ಶಿವಮೊಗ್ಗಕ್ಕೆ ಬಂದ ರೈಲುಹಾದಿ. ಇಷ್ಟೇ ಇದ್ದ ಸಣ್ಣ ಊರು. ಕಬ್ಬಿಣ ಮಾತ್ರ ನಮ್ಮ ನಾಡಿಗೆ ಹೊಸದಲ್ಲ. 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಮಧುಗಿರಿಯ ಸುತ್ತಿನ ಚನ್ನರಾಯದುರ್ಗ ಮುಂತಾದೆಡೆ ಅದಿರನ್ನು ಕರಗಿಸಿ ಕಬ್ಬಿಣ ತೆಗೆಯುತ್ತಿದ್ದವರನ್ನು ಕಣ್ಣಾರೆ ಕಂಡು ವಿವರವಾಗಿ ಬರೆದಿದ್ದಾನೆ. ಮುಂದಿನ ನೂರು ವರ್ಷಗಳಲ್ಲಿ ಇಂಗ್ಲೆಂಡಿನ ಅಗ್ಗದ ಕಬ್ಬಿಣ ಹಡಗಿನಲ್ಲಿ ಬಂದು ಆ ಒಲೆಗಳನ್ನೆಲ್ಲ ಆರಿಸಿತು. ಆದ್ದರಿಂದ ವಿಶ್ವೇಶ್ವರಯ್ಯನವರು ಭದ್ರಾವತಿಯಲ್ಲಿ ಮಾಡಹೊರಟದ್ದೂ ಒಂದು ಬಗೆಯ ಪುನರುಜ್ಜೀವನವೇ ಆಗಿತ್ತು. ಆದರೆ ಅವರು ಹಳೆಯ ಒಲೆಗಳನ್ನು ಮತ್ತೆ ಹೊತ್ತಿಸಲು ಹೋಗಲಿಲ್ಲ ಎಂಬುದನ್ನು ಇಲ್ಲಿ ನೆನಪಿಡಬೇಕು.

ವಿಶ್ವೇಶ್ವರಯ್ಯನವರು 1898ರಲ್ಲಿಯೇ ಜಪಾನನ್ನು ನೋಡಿ ಬಂದವರು. 1912ರಿಂದ 1918ರವರೆಗೆ ದಿವಾನರಾಗಿದ್ದಾಗ ಬಾಬಾಬುಡನ್ ಗಿರಿಶ್ರೇಣಿಯ ಕೆಮ್ಮಣ್ಣುಗುಂಡಿಯ ಅದಿರು ಅವರ ಕಣ್ಣಿಗೆ ಬಿತ್ತು. ಅದಿರು ಉತ್ತಮವಾದುದು, ಆದರೆ ಮೈಸೂರಿನಲ್ಲಿ ಕಲ್ಲಿದ್ದಲು ಇಲ್ಲ. ಬಿಹಾರದ ಗಣಿಗಳಿಂದ ತರಿಸಿದರೆ ರೈಲು ಬಾಡಿಗೆಯೇ ನುಂಗಿಬಿಡುವುದು. ಮಲೆನಾಡಿನಲ್ಲಿ ಯಥೇಚ್ಛವಾಗಿ ಇದ್ದದ್ದು ಕಾಡು. ಆದ್ದರಿಂದ ಇದ್ದಿಲಿನಿಂದ ಕಬ್ಬಿಣ ಕರಗಿಸುವ ಯೋಜನೆ ರೂಪುಗೊಂಡಿತು. ಟಾಟಾ ಕಾರ್ಖಾನೆಯ ಸ್ಥಾಪನೆಯಲ್ಲಿ ಪಾಲುಗೊಂಡಿದ್ದ ಅಮೆರಿಕದ ಎಂಜಿನಿಯರು ಪೆರಿನ್ ಅವರ ಸಲಹೆ ಪಡೆಯಲಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಅನುಮತಿಯೂ ದೊರೆಯಿತು. 1918ರಲ್ಲಿ ಆರಂಭವಾದ ಕೆಲಸ ಮುಗಿದು 1923ರ ಜನವರಿಯಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆ ಉತ್ಪಾದನೆ ಆರಂಭಿಸಿತು. ಕೆಮ್ಮಣ್ಣುಗುಂಡಿಯ ಅದಿರು ರೋಪ್‌ವೇಯಲ್ಲಿ ಬೆಟ್ಟ ಇಳಿದು ಬರುತ್ತಿದ್ದಿತು. ಭಂಡಿಗುಡ್ಡದಿಂದ ಸುಣ್ಣದ ಕಲ್ಲು. ತರೀಕೆರೆ, ನರಸಿಂಹರಾಜಪುರಗಳ ಕಡೆಯ ಕಾಡುಗಳಿಂದ ಸೌದೆ.

ಸೌದೆಯನ್ನು ಸುಮ್ಮನೆ ಸುಟ್ಟು ಇದ್ದಿಲು ಮಾಡುತ್ತಿರಲಿಲ್ಲ. ಮುಚ್ಚಿದ ಪಾತ್ರೆಗಳಲ್ಲಿ ಕಾಯಿಸಿ, ಹೊರಬಂದ ಹೊಗೆಯನ್ನು ತಂಪಾಗಿಸಿ, ಅದರಿಂದ ಮರದ ಮದ್ಯಸಾರ, ಸುಣ್ಣದ ಅಸಿಟೇಟ್, ಡಾಂಬರು ಇತ್ಯಾದಿಗಳನ್ನು ತೆಗೆಯುವ ಘಟಕವಿದ್ದಿತು. ಯೋಜನೆಯ ಲಾಭದ ಲೆಕ್ಕ ಬಹುಮಟ್ಟಿಗೆ ಈ ಉಪವಸ್ತುಗಳನ್ನೇ ಅವಲಂಬಿಸಿತ್ತು. ಮೊದಲನೆಯ ಮಹಾಯುದ್ಧದಲ್ಲಿ ಸ್ಫೋಟಕಗಳ ತಯಾರಿಕೆಗಾಗಿ ಇವುಗಳ ಬೆಲೆ ಗಗನಕ್ಕೇರಿತ್ತು. ಆದರೆ ವಿಧಿಯ ಆಟ ನೋಡಿ. ಭದ್ರಾವತಿಯ ಕುಲುಮೆ ಹೊತ್ತಿದ ಅದೇ 1923ರಲ್ಲಿ ಜರ್ಮನಿಯ ಲಾಯ್ನಾ ಎಂಬಲ್ಲಿ ಬಿ.ಎ.ಎಸ್.ಎಫ್. ಕಂಪನಿ ಮರದ ಹಂಗೇ ಇಲ್ಲದೆ ಅನಿಲಗಳಿಂದ ಮದ್ಯಸಾರವನ್ನು ತಯಾರಿಸಲು ಆರಂಭಿಸಿತು. ಯುದ್ಧಾನಂತರ ಬೀಡುಕಬ್ಬಿಣದ ಬೆಲೆಯೂ ಕುಸಿಯಿತು. ಬಾಗಿಲು ತೆರೆದ ದಿನವೇ ಅಂಗಡಿಯ ಸರಕಿನ ಬೆಲೆ ಬಿದ್ದುಹೋದಂತಾಯಿತು.

ಇಲ್ಲಿ ಒಂದು ಸೂಕ್ಷ್ಮವಿದೆ. ಬ್ರಿಟಿಷ್ ಇಂಡಿಯಾದಲ್ಲಿ 1921-22ರಲ್ಲಿ ಇಬ್ರಾಹಿಂ ರಹಿಮ್ತುಲ್ಲಾ ಅವರ ಅಧ್ಯಕ್ಷತೆಯ ಹಣಕಾಸು ಆಯೋಗವು, ಆಯ್ದ ಕೈಗಾರಿಕೆಗಳಿಗೆ ಆಮದು ಸುಂಕದ ರಕ್ಷಣೆ ಕೊಡಬಹುದೆಂದು ಶಿಫಾರಸು ಮಾಡಿತು. ಅದರಂತೆ 1924ರಲ್ಲಿ ಉಕ್ಕಿನ ಉದ್ಯಮಕ್ಕೆ ರಕ್ಷಣೆ ನೀಡುವ ಶಾಸನ ಬಂದು ಟಾಟಾ ಕಾರ್ಖಾನೆ ಉಳಿದುಕೊಂಡಿತು. ಆದರೆ ಭದ್ರಾವತಿ ಆಗ ತಯಾರಿಸುತ್ತಿದ್ದುದು ಉಕ್ಕನ್ನಲ್ಲ, ಬೀಡುಕಬ್ಬಿಣವನ್ನು. ಮೈಸೂರು ಸಂಸ್ಥಾನಕ್ಕೆ ಬಂದರೂ ಇರಲಿಲ್ಲ, ಬಂದರಿನ ಸುಂಕ ನಿರ್ಧರಿಸುವ ಅಧಿಕಾರವೂ ಇರಲಿಲ್ಲ. ಸ್ವಂತ ಸುಂಕದ ಕಟ್ಟೆಯಿಲ್ಲದ ರಾಜ್ಯವೊಂದು ಜಗತ್ತಿನ ಮಾರುಕಟ್ಟೆಗೆ ಎದೆಯೊಡ್ಡಿ ಕಾರ್ಖಾನೆ ಕಟ್ಟಿದ್ದಿತು. ನಷ್ಟ ಬಾರದೆ ಇನ್ನೇನು? ಕಾರ್ಖಾನೆ ಬಿಳಿಯಾನೆಯೆಂಬ ಟೀಕೆ ಆಗಲೇ ಕೇಳಿಬರತೊಡಗಿತು. ಇಂದು ನಾವು ಕೇಳುತ್ತಿರುವ ಮಾತು ನೂರು ವರ್ಷ ಹಳೆಯದು.

ದಿವಾನಗಿರಿಯನ್ನು ಬಿಟ್ಟಿದ್ದ ವಿಶ್ವೇಶ್ವರಯ್ಯನವರನ್ನು ಮತ್ತೆ ಕರೆಸಲಾಯಿತು. 1923ರಿಂದ 1929ರವರೆಗೆ ಅವರು ಕಾರ್ಖಾನೆಯ ಆಡಳಿತ ಮಂಡಲಿಯ ಅಧ್ಯಕ್ಷರಾಗಿದ್ದರು. ವೆಚ್ಚ ತಗ್ಗಿಸಿದರು, ವಿದೇಶೀ ತಜ್ಞರ ಸ್ಥಾನದಲ್ಲಿ ಕ್ರಮೇಣ ಇಲ್ಲಿಯವರನ್ನೇ ತರಬೇತಿ ಕೊಟ್ಟು ನಿಲ್ಲಿಸಿದರು, ಬೀಡುಕಬ್ಬಿಣವನ್ನು ಹಾಗೆಯೇ ಮಾರುವ ಬದಲು ಕೊಳವೆಗಳನ್ನು ಎರಕ ಹೊಯ್ದು ಮಾರುವ ಕೆಲಸ ಬೆಳೆಯಿತು. 1927ರಲ್ಲಿ ಮೈಸೂರು ಸಂಸ್ಥಾನದಲ್ಲಿ ಪ್ರವಾಸ ಮಾಡಿದ ಗಾಂಧೀಜಿ ಭದ್ರಾವತಿಗೂ ಬಂದಿದ್ದರು. ದೊಡ್ಡ ಯಂತ್ರಗಳ ವಿಷಯದಲ್ಲಿ ಇಬ್ಬರ ದಾರಿಯೂ ಬೇರೆಬೇರೆ. ಆದರೂ ವಿಶ್ವೇಶ್ವರಯ್ಯನವರ ಕಾರ್ಯನಿಷ್ಠೆಯನ್ನು ಗಾಂಧೀಜಿ ಮುಕ್ತಕಂಠದಿಂದ ಹೊಗಳಿದರು.

ಮುಂದಿನದನ್ನು ಬೇಗ ಹೇಳಿ ಮುಗಿಸುತ್ತೇನೆ. ಆದರೆ ವರ್ಷಗಳನ್ನು ಗಮನವಿಟ್ಟು ನೋಡಬೇಕೆಂದು ಕೋರುತ್ತೇನೆ. ಮಿರ್ಜಾ ಇಸ್ಮಾಯಿಲ್ ಅವರು ದಿವಾನರಾಗಿದ್ದಾಗ 1936ರಲ್ಲಿ ಉಕ್ಕಿನ ತಯಾರಿಕೆ ಆರಂಭವಾಯಿತು. ಆಗ ಸುಂಕದ ರಕ್ಷಣೆಯ ನೆರಳು ಇಲ್ಲಿಗೂ ಬಿದ್ದಿತು. 1938ರಲ್ಲಿ ಸಿಮೆಂಟು. ನಲವತ್ತರ ದಶಕದ ಹೊತ್ತಿಗೆ ಹತ್ತಿರದ ಕಾಡು ಬರಿದಾಗುತ್ತ, ಸೌದೆ ದೂರದೂರದಿಂದ ಬರಬೇಕಾಗುತ್ತಿದ್ದಿತು. ಒಂದು ಟನ್ ಬೀಡುಕಬ್ಬಿಣಕ್ಕೆ ಹೆಚ್ಚುಕಡಿಮೆ ಒಂದು ಟನ್ ಇದ್ದಿಲು ಬೇಕು. ಒಂದು ಟನ್ ಇದ್ದಿಲಿಗೆ ನಾಲ್ಕೈದು ಟನ್ ಸೌದೆ ಬೇಕು. ಮಲೆನಾಡು ತೆತ್ತ ಬೆಲೆಯನ್ನು ಓದುಗರೇ ಲೆಕ್ಕ ಹಾಕಿಕೊಳ್ಳಬಹುದು. 1948ರಲ್ಲಿ ಜೋಗದ ವಿದ್ಯುದಾಗಾರ ಆರಂಭವಾದ ಮೇಲೆ, 1952ರಲ್ಲಿ ನಾರ್ವೆ ದೇಶದ ಮಾದರಿಯ ವಿದ್ಯುತ್ ಕುಲುಮೆಗಳು ಭದ್ರಾವತಿಗೆ ಬಂದವು. ಶರಾವತಿಯ ನೀರು ಮಲೆನಾಡಿನ ಮರವನ್ನು ಉಳಿಸಿತು ಎನ್ನಬಹುದು. ಅರವತ್ತರ ದಶಕದಲ್ಲಿ ಕಾರ್ಖಾನೆ ಸಾಮಾನ್ಯ ಉಕ್ಕನ್ನು ಬಿಟ್ಟು ಮಿಶ್ರಲೋಹದ ಉಕ್ಕು, ವಿಶೇಷ ಉಕ್ಕುಗಳ ಕಡೆಗೆ ಹೊರಳಿತು. 1962ರಲ್ಲಿ ಕಂಪನಿಯಾಯಿತು, ಎಪ್ಪತ್ತರ ದಶಕದಲ್ಲಿ ವಿಶ್ವೇಶ್ವರಯ್ಯನವರ ಹೆಸರನ್ನು ತಳೆಯಿತು.

ಈ ವರ್ಷಗಳ ಪಟ್ಟಿಯಲ್ಲಿ ನನಗೆ ಕಾಣುವ ಪಾಠ ಇದು. ಭದ್ರಾವತಿಯ ಕಾರ್ಖಾನೆ ಒಂದು ಕಾರ್ಖಾನೆಯಲ್ಲ, ನಾಲ್ಕೈದು ಕಾರ್ಖಾನೆಗಳ ಸರಣಿ. ಮರದ ಮದ್ಯಸಾರ ಕೈಕೊಟ್ಟಾಗ ಕೊಳವೆ, ಕೊಳವೆ ಸಾಲದಾದಾಗ ಉಕ್ಕು, ಇದ್ದಿಲು ತೀರಿದಾಗ ವಿದ್ಯುತ್ತು, ಸಾಮಾನ್ಯ ಉಕ್ಕಿನಲ್ಲಿ ದೊಡ್ಡವರೊಡನೆ ಸೆಣಸಲಾಗದೆ ಹೋದಾಗ ವಿಶೇಷ ಉಕ್ಕು. ಪ್ರತಿ ಹದಿನೈದು ವರ್ಷಕ್ಕೊಮ್ಮೆ ಅದು ಹಳೆಯ ಪೊರೆ ಕಳಚಿದೆ. ಯಂತ್ರ ಬದಲಾಯಿತು, ಇಂಧನ ಬದಲಾಯಿತು, ಸರಕು ಬದಲಾಯಿತು. ಬದಲಾಗದೆ ಉಳಿದದ್ದು ಎರಡೇ: ಕೆಮ್ಮಣ್ಣುಗುಂಡಿಯ ಅದಿರು, ಮತ್ತು ಅಪ್ಪನಿಂದ ಮಗನಿಗೆ ಬಂದ ಕೈಚಳಕ.

ಅನಂತರ ಪೊರೆ ಕಳಚುವುದು ನಿಂತಿತು. ಎಪ್ಪತ್ತು ಎಂಬತ್ತರ ದಶಕಗಳಲ್ಲಿ ರಾಜ್ಯಕ್ಕೆ ವಿದ್ಯುತ್ ಕೊರತೆ ಬಂದಾಗ ವಿದ್ಯುತ್ತನ್ನೇ ನಂಬಿದ್ದ ಕುಲುಮೆಗಳ ಪಾಡೇನಾದೀತು? 1989ರಲ್ಲಿ ಕಾರ್ಖಾನೆ ಕೇಂದ್ರದ ಉಕ್ಕು ಪ್ರಾಧಿಕಾರದ ಅಧೀನಕ್ಕೆ ಬಂದು, 1998ರಲ್ಲಿ ಅದರಲ್ಲಿ ವಿಲೀನಗೊಂಡಿತು. ಕೆಮ್ಮಣ್ಣುಗುಂಡಿಯ ಗಣಿ ಈ ಶತಮಾನದ ಆರಂಭದ ವರ್ಷಗಳಲ್ಲಿ ನಿಂತಿತು. ಆ ಕಾಡು, ಆ ಬೆಟ್ಟ ಉಳಿಯಬೇಕಾದದ್ದೇ, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಬದಲಿ ಗಣಿಯೊಂದು ಸಕಾಲದಲ್ಲಿ ಕೈಗೆ ಬರಲಿಲ್ಲ. ಬೇರಿಲ್ಲದ ಮರದಂತೆ ಕಾರ್ಖಾನೆ ಹೊರಗಿನ ಅದಿರು, ಹೊರಗಿನ ಕೋಕ್ ಕೊಂಡು ಬದುಕತೊಡಗಿತು. ಇದೇ ಅವಧಿಯಲ್ಲಿ ಬಳ್ಳಾರಿ ಸೀಮೆಯ ತೋರಣಗಲ್ಲಿನಲ್ಲಿ ಖಾಸಗಿ ಕಾರ್ಖಾನೆಯೊಂದು ಬೆಳೆದು ವರ್ಷಕ್ಕೆ ಕೋಟಿ ಟನ್ನಿಗೂ ಹೆಚ್ಚು ಉಕ್ಕು ತಯಾರಿಸುವಂತಾಯಿತು. ಭದ್ರಾವತಿಯ ಸಾಮರ್ಥ್ಯ ಒಂದು ಲಕ್ಷ ಟನ್ನಿನ ಆಸುಪಾಸು. ಅಂದರೆ ಭದ್ರಾವತಿಯನ್ನು ಹಿಂದಿಕ್ಕಿದ್ದು ಹೊರದೇಶದ ಉಕ್ಕು ಮಾತ್ರವಲ್ಲ, ನೂರೈವತ್ತು ಮೈಲಿಯೊಳಗಿನ ನಮ್ಮದೇ ಉಕ್ಕು ಕೂಡ.

2016ರಲ್ಲಿ ಕೇಂದ್ರ ಸರಕಾರ ಕಾರ್ಖಾನೆಯನ್ನು ಖಾಸಗಿಯವರಿಗೆ ಮಾರುವ ತಾತ್ತ್ವಿಕ ತೀರ್ಮಾನ ಕೈಗೊಂಡಿತು. 2019ರಲ್ಲಿ ಆಸಕ್ತರನ್ನು ಆಹ್ವಾನಿಸಿತು. ಸಾಕಷ್ಟು ಮಂದಿ ಮುಂದೆ ಬಾರದ ಕಾರಣ 2022ರಲ್ಲಿ ಆ ಪ್ರಯತ್ನವನ್ನು ಕೈಬಿಟ್ಟಿತು. 2023ರ ಜನವರಿಯಲ್ಲಿ, ಮೊದಲ ಕಬ್ಬಿಣ ಹರಿದ ಸರಿಯಾಗಿ ನೂರು ವರ್ಷಕ್ಕೆ, ಮುಚ್ಚುವ ನಿರ್ಧಾರ ಹೊರಬಿದ್ದಿತು. ಮರು ತಿಂಗಳು, ಫೆಬ್ರವರಿ 27ರಂದು, ಸಮೀಪದ ಸೋಗಾನೆಯಲ್ಲಿ ನಮ್ಮ ಶಿವಮೊಗ್ಗದ ವಿಮಾನ ನಿಲ್ದಾಣ ಉದ್ಘಾಟನೆಯಾಯಿತು. ಒಂದೆಡೆ ವಿಮಾನ ಇಳಿಯುತ್ತಿದ್ದಿತು, ಇನ್ನೊಂದೆಡೆ ಕಾರ್ಖಾನೆಯ ಬಾಗಿಲಿನಲ್ಲಿ ಕಾರ್ಮಿಕರು ಧರಣಿ ಕುಳಿತಿದ್ದರು. ಕಾಯಂ ನೌಕರರು ಆ ವೇಳೆಗೆ ಕೆಲವು ನೂರು ಮಂದಿ ಮಾತ್ರ. ಗುತ್ತಿಗೆ ಕಾರ್ಮಿಕರು ಸಾವಿರಕ್ಕೂ ಹೆಚ್ಚು. ಅದೇ ವರ್ಷ ಆಗಸ್ಟಿನಲ್ಲಿ ಸೀಮಿತ ಪ್ರಮಾಣದಲ್ಲಿ ಕೆಲಸ ಮತ್ತೆ ಆರಂಭವಾಯಿತು. 2024ರಲ್ಲಿ ಕೇಂದ್ರದ ಉಕ್ಕು ಸಚಿವರಾದ ಎಚ್.ಡಿ. ಕುಮಾರಸ್ವಾಮಿಯವರು ಬಂದು ನೋಡಿ, ಪುನಶ್ಚೇತನದ ಮಾತನಾಡಿದರು. ಆ ಮಾತು ಕೇಳಿ ನನ್ನ ಓರಗೆಯ ಹಲವರ ಕಣ್ಣಿನಲ್ಲಿ ನೀರು ಬಂದದ್ದನ್ನು ನಾನು ಬಲ್ಲೆ.

ಪೇಪರ್ ಮಿಲ್ಲಿನ ಕಥೆಯನ್ನೂ ಇದರೊಡನೆ ಓದಬೇಕು. 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆ, ಎಂಬತ್ತರ ದಶಕದಿಂದ ಪತ್ರಿಕಾ ಕಾಗದವನ್ನೂ ತಯಾರಿಸುತ್ತಿದ್ದಿತು. 2015ರಲ್ಲಿ ಅದರ ಯಂತ್ರಗಳು ನಿಂತವು. 2019ರಲ್ಲಿ ಕೇಂದ್ರವು ಹೊರದೇಶದ ಪತ್ರಿಕಾ ಕಾಗದಕ್ಕೆ ಶೇಕಡಾ 10ರಷ್ಟು ಸುಂಕ ವಿಧಿಸಿತು. ಪತ್ರಿಕೆಗಳವರ ವಿರೋಧದ ನಡುವೆ ಮರುವರ್ಷ ಅದನ್ನು ಶೇಕಡಾ 5ಕ್ಕೆ ಇಳಿಸಿತು. ರೋಗಿ ಹೋದ ನಾಲ್ಕು ವರ್ಷಕ್ಕೆ ಔಷಧ ಬಂದಂತಾಯಿತು. 2022ರಲ್ಲಿ ಯುದ್ಧ, ಹಡಗುಗಳ ತೊಂದರೆ ಇತ್ಯಾದಿಗಳಿಂದ ಹೊರಗಿನ ಕಾಗದದ ಬೆಲೆ ವಿಪರೀತ ಏರಿದಾಗ, ಅದೇ ಪತ್ರಿಕೆಗಳು ಪುಟ ಕಡಿಮೆ ಮಾಡುವ ಚಿಂತೆಯಲ್ಲಿ ಬಿದ್ದವು. ಕೊಳ್ಳುವವನಿಗೆ ಅಗ್ಗದ ದಿನಗಳಲ್ಲಿ ಮನೆಯ ಕಾರ್ಖಾನೆ ಭಾರ. ದುಬಾರಿಯ ದಿನಗಳಲ್ಲಿ ಅದು ನೆನಪಾಗುತ್ತದೆ.

ಆದರೆ ಇದರ ಇನ್ನೊಂದು ಮುಖವನ್ನು ಮುಚ್ಚಿಡಲಾಗದು. ಆ ಕಾರ್ಖಾನೆಗೆಂದು ಸಾವಿರಾರು ಎಕರೆ ಅರಣ್ಯಭೂಮಿಯಲ್ಲಿ ನೀಲಗಿರಿ, ಅಕೇಶಿಯಾ ನೆಡಲಾಗಿತ್ತು. 2020ರಲ್ಲಿ ಆ ಭೂಮಿಯ ಗುತ್ತಿಗೆ ಅವಧಿ ಮುಗಿದು, ಸರಕಾರ ಅದನ್ನು ಮತ್ತೆ ಮುಂದುವರಿಸಹೊರಟಾಗ ಮಲೆನಾಡಿನ ಜನರೇ ಬೇಡವೆಂದು ಎದ್ದುನಿಂತರು. ತೀರ್ಥಹಳ್ಳಿ, ಹೊಸನಗರ, ಸಾಗರದವರಿಗೆ ಬೇಕಾದದ್ದು ಹಳೆಯ ಕಾಡು. ಭದ್ರಾವತಿಯವರಿಗೆ ಬೇಕಾದದ್ದು ಹಳೆಯ ಕೆಲಸ. ಇಬ್ಬರೂ ನಮ್ಮ ಜಿಲ್ಲೆಯವರೇ, ಇಬ್ಬರ ಬೇಡಿಕೆಯೂ ನ್ಯಾಯವಾದುದೇ. ಕಾರ್ಖಾನೆಯ ಪುನರುಜ್ಜೀವನವನ್ನು ಕುರಿತು ಮಾತನಾಡುವವರು ಈ ಎರಡು ಊರಿನವರನ್ನೂ ಒಂದೇ ಜಗಲಿಯಲ್ಲಿ ಕೂರಿಸಿಕೊಂಡು ಮಾತನಾಡಬೇಕು.

ಇನ್ನು ಶ್ರೀಮಂತ ದೇಶಗಳ ಮಾತಿಗೆ ಬರೋಣ. ಅಮೆರಿಕ 2018ರಲ್ಲಿ ಹೊರಗಿನ ಉಕ್ಕಿಗೆ ಶೇಕಡಾ 25 ಸುಂಕ ಹಾಕಿತು. 2025ರ ಜೂನಿನಲ್ಲಿ ಅದನ್ನು ಶೇಕಡಾ 50ಕ್ಕೆ ಏರಿಸಿತು. ಬೆತ್ಲೆಹೆಮ್ಮಿನ ಕುಲುಮೆಗಳು ಅದರಿಂದ ಹೊತ್ತಿಕೊಳ್ಳಲಿಲ್ಲ, ಹೊತ್ತಿಕೊಳ್ಳುವಂತೆಯೂ ಇಲ್ಲ. ಸುಂಕದಿಂದ ಉಕ್ಕು ಮಾಡುವವನಿಗೆ ಅನುಕೂಲ. ಆದರೆ ಉಕ್ಕನ್ನು ಕೊಂಡು ವಾಹನ, ಯಂತ್ರ, ಪಾತ್ರೆ ಮಾಡುವವನಿಗೆ ಹೊರೆ. ಯಾವ ದೇಶದಲ್ಲಿಯೇ ಆಗಲಿ, ಉಕ್ಕು ಮಾಡುವವರಿಗಿಂತ ಉಕ್ಕನ್ನು ಬಳಸಿ ದುಡಿಯುವವರು ಎಷ್ಟೋ ಪಟ್ಟು ಹೆಚ್ಚು. ನಮ್ಮಲ್ಲಿಯೇ ನೋಡಿ: ಶಿವಮೊಗ್ಗ ಮತ್ತು ಮಾಚೇನಹಳ್ಳಿಯ ಎರಕದ ಕಾರ್ಖಾನೆಗಳು ಬೀಡುಕಬ್ಬಿಣವನ್ನೂ ಗುಜರಿಯನ್ನೂ ಕೊಂಡು ವಾಹನಗಳ ಬಿಡಿಭಾಗಗಳನ್ನು ತಯಾರಿಸುತ್ತವೆ. ಕಬ್ಬಿಣದ ಬೆಲೆ ಏರಿದರೆ ಅವರಿಗೆ ಪೆಟ್ಟು.

ಬ್ರಿಟನ್ನಿನ ಉದಾಹರಣೆ ಇನ್ನೂ ಮಾರ್ಮಿಕವಾದುದು. ನಮ್ಮ ಹಳ್ಳಿಗಳ ಒಲೆಗಳನ್ನು ಆರಿಸಿದ ದೇಶ ಅದು. 2024ರ ಸೆಪ್ಟೆಂಬರ್ 30ರಂದು ವೇಲ್ಸಿನ ಪೋರ್ಟ್ ಟಾಲ್ಬಟ್ಟಿನ ಕೊನೆಯ ಊದುಕುಲುಮೆಯನ್ನು ನಂದಿಸಲಾಯಿತು. ಅದರ ಒಡೆಯರು ನಮ್ಮ ಟಾಟಾ! ಅಲ್ಲಿ ಸರಕಾರದ 50 ಕೋಟಿ ಪೌಂಡ್ ನೆರವಿನೊಡನೆ ಗುಜರಿಯನ್ನು ಕರಗಿಸುವ ವಿದ್ಯುತ್ ಕುಲುಮೆ ಕಟ್ಟುವ ಯೋಜನೆಯಾಯಿತು. 2025ರ ಏಪ್ರಿಲ್ 12ರಂದು, ಶನಿವಾರದ ರಜೆಯ ದಿನವೇ ಬ್ರಿಟಿಷ್ ಸಂಸತ್ತು ಸೇರಿ, ಚೀನೀ ಒಡೆತನದ ಸ್ಕಂತೋರ್ಪ್ ಕಾರ್ಖಾನೆಯ ಕುಲುಮೆಗಳು ಆರದಂತೆ ನೋಡಿಕೊಳ್ಳಲು ತುರ್ತು ಶಾಸನ ಮಾಡಿತು. ಈ ಅವಸರಕ್ಕೆ ಕಾರಣವಿದೆ. ಊದುಕುಲುಮೆ ಅಡುಗೆಯ ಒಲೆಯಲ್ಲ. ಒಮ್ಮೆ ತಣ್ಣಗಾದರೆ ಒಳಗಿನದೆಲ್ಲ ಹೆಪ್ಪುಗಟ್ಟಿ, ಒಳಗೋಡೆಯ ಇಟ್ಟಿಗೆಗಳು ಬಿರಿದು, ಮತ್ತೆ ಹೊತ್ತಿಸುವುದು ಹೊಸದನ್ನು ಕಟ್ಟಿದಷ್ಟೇ ಕಷ್ಟ. ಕುಲುಮೆಯನ್ನು ಕಾಯಿಸುತ್ತಲೇ ಇರಬೇಕು. ಆ ಕೆಲಸ ಬಲ್ಲ ಕೈಯೂ ಹಾಗೆಯೇ ಎಂದು ನಾನು ಸೇರಿಸುತ್ತೇನೆ.

ಹಾಗಾದರೆ ನನ್ನ ಶಿಷ್ಯನಿಗೆ ಏನೆಂದು ಉತ್ತರಿಸಲಿ? ನೂರು ವರ್ಷದ ಹಿಂದಿನ ಹಣಕಾಸು ಆಯೋಗ ರಕ್ಷಣೆಗೆ ಮೂರು ಷರತ್ತುಗಳನ್ನು ಇಟ್ಟಿತ್ತು. ಆ ಉದ್ಯಮಕ್ಕೆ ಇಲ್ಲಿ ಸಹಜವಾದ ಅನುಕೂಲವಿರಬೇಕು. ನೆರವಿಲ್ಲದೆ ಅದು ಬೆಳೆಯಲಾರದಂತಿರಬೇಕು. ಕೊನೆಗೊಂದು ದಿನ ನೆರವಿಲ್ಲದೆ ನಿಲ್ಲುವಂತಿರಬೇಕು. ಪರರ ಆಳ್ವಿಕೆಯಲ್ಲಿ ಇಟ್ಟ ಷರತ್ತುಗಳೆಂದು ನಮ್ಮವರು ಆಗ ಅವುಗಳನ್ನು ಟೀಕಿಸಿದ್ದುಂಟು. ಅತಿ ಬಿಗಿಯಾದವೆಂದೂ ಹೇಳಿದ್ದುಂಟು. ಆದರೂ ಇಂದು ಅವುಗಳನ್ನು ಮತ್ತೆ ಓದಿದಾಗ ವಿವೇಕದ ಮಾತುಗಳೇ ಎನ್ನಿಸುತ್ತದೆ. 1924ರ ಉಕ್ಕಿನ ರಕ್ಷಣೆಯನ್ನು ಮೊದಲು ಕೊಟ್ಟದ್ದು ಮೂರು ವರ್ಷಕ್ಕೆ. ಮತ್ತೆ ಪರಿಶೀಲಿಸಿ 1927ರಲ್ಲಿ ಏಳು ವರ್ಷಕ್ಕೆ. ನೆರವಿಗೆ ಗಡುವಿತ್ತು, ಗಡುವು ಇದ್ದುದರಿಂದಲೇ ಪಡೆದವರು ಎಚ್ಚರವಾಗಿದ್ದರು.

ಈ ಅಳತೆಗೋಲಿನಿಂದ ಅಳೆದರೆ ಭದ್ರಾವತಿಯಲ್ಲಿ ದೊಡ್ಡ ಊದುಕುಲುಮೆ ಕಟ್ಟಿ ತೋರಣಗಲ್ಲಿನೊಡನೆ ಸೆಣಸುವುದು ನನಗೆ ಸರಿಯೆಂದು ತೋರುವುದಿಲ್ಲ. ಅದಿರು ಅಲ್ಲಿದೆ, ಇಲ್ಲಿಲ್ಲ. ಇಲ್ಲಿ ಇರುವುದು ವಿದ್ಯುತ್ತಿನ ಹಾದಿ, ಭದ್ರೆಯ ನೀರು, ರೈಲು, ಕಟ್ಟಿದ ಊರು, ಮತ್ತು ವಿಶೇಷ ಉಕ್ಕಿನ ಅರವತ್ತು ವರ್ಷಗಳ ಅನುಭವ. ರೈಲ್ವೆಗೆ, ರಕ್ಷಣಾ ಇಲಾಖೆಗೆ, ಯಂತ್ರೋದ್ಯಮಗಳಿಗೆ ಬೇಕಾದ, ಕಡಿಮೆ ತೂಕದ, ಹೆಚ್ಚು ಬೆಲೆಯ ಉಕ್ಕನ್ನು ಗುಜರಿ ಮತ್ತು ವಿದ್ಯುತ್ತಿನಿಂದ ತಯಾರಿಸುವುದು ಇಲ್ಲಿಗೆ ಒಪ್ಪುವ ಕೆಲಸ. 1952ರಲ್ಲಿ ಭದ್ರಾವತಿ ಹೊರಳಿದ್ದು ವಿದ್ಯುತ್ತಿನ ಕಡೆಗೆ. ಅಂದು ಅದಿರನ್ನು ಕರಗಿಸಿದ್ದು, ಇಂದು ಗುಜರಿಯನ್ನು ಕರಗಿಸುವುದು. ಕೆಲಸ ಬೇರೆಯಾದರೂ ದಿಕ್ಕು ಒಂದೇ. ಅದಕ್ಕೆ ಬಂಡವಾಳ ಬೇಕು; ಆ ಬಂಡವಾಳಕ್ಕೆ ಗಡುವೂ ಬೇಕು. ಚುನಾವಣೆಯಿಂದ ಚುನಾವಣೆಗೆ ಒಂದೊಂದು ಭರವಸೆ ಕೊಟ್ಟು, ನಡುವೆ ಗುತ್ತಿಗೆಯವರನ್ನು ತಿಂಗಳಿಂದ ತಿಂಗಳಿಗೆ ಎಣಿಸುತ್ತ ಕುಳಿತರೆ, ಕಾರ್ಖಾನೆಯೂ ಉಳಿಯದು, ಅವರು ಬೇರೆ ಬದುಕು ಕಟ್ಟಿಕೊಳ್ಳಲೂ ಆಗದು. "ಮುಚ್ಚುತ್ತೇವೆ" ಎನ್ನುವುದಕ್ಕಿಂತ "ನೋಡೋಣ" ಎನ್ನುವುದು ಕೆಲವೊಮ್ಮೆ ಹೆಚ್ಚು ಕ್ರೂರ.

ಕೆಲಸ ಎಷ್ಟು ಮಂದಿಗೆ ಸಿಗುತ್ತದೆ ಎಂದು ಕೇಳುವವರಿಗೆ ನಿಜವನ್ನೇ ಹೇಳಬೇಕು. ಒಂದು ಕಾಲದ ಸೈಕಲ್ಲುಗಳ ಹೊಳೆ ಮತ್ತೆ ಹರಿಯುವುದಿಲ್ಲ. ಹೊಸ ಯಂತ್ರಗಳಿಗೆ ಅಷ್ಟು ಕೈಗಳು ಬೇಕಿಲ್ಲ. ಇದು ಅಮೆರಿಕದಲ್ಲಿಯೂ ನಿಜ, ಬ್ರಿಟನ್ನಿನಲ್ಲಿಯೂ ನಿಜ. ಹಳೆಯ ದಿನಗಳನ್ನು ಮರಳಿ ತರುತ್ತೇವೆಂದು ಮಾತು ಕೊಡುವವರು ಆ ದೇಶಗಳಲ್ಲಿಯೂ ನಮ್ಮಲ್ಲಿಯೂ ಜನರ ನೆನಪನ್ನು ಮಾರುತ್ತಿದ್ದಾರೆ.

ಹಾಗಾದರೆ ಉಳಿಸಬೇಕಾದದ್ದು ಏನು? ನನ್ನ ಉತ್ತರ ಆ ನೀಲಿ ಗಾಜಿನಲ್ಲಿದೆ. ನನ್ನ ವಿದ್ಯಾರ್ಥಿಗಳಲ್ಲಿ ಅನೇಕರು ಭದ್ರಾವತಿಯಲ್ಲಿ ಕಲಿತ ಕೆಲಸವನ್ನು ಹೊತ್ತು ಶಿವಮೊಗ್ಗದ ಎರಕದ ಕಾರ್ಖಾನೆಗಳಿಗೆ, ಬೆಂಗಳೂರಿನ ಪೀಣ್ಯಕ್ಕೆ, ಹೊಸೂರಿಗೆ ಹೋದರು. ಅಚ್ಚು ಮಾಡಲು, ಮರಳು ಹದಗೊಳಿಸಲು, ಕರಗಿದ ಲೋಹದ ಬಣ್ಣ ಓದಲು ಬಲ್ಲವರು ಅವರು. ಒಂದು ಕಾರ್ಖಾನೆಯ ಲಾಭನಷ್ಟದ ಪುಸ್ತಕದಲ್ಲಿ ಈ ಲೆಕ್ಕ ಎಲ್ಲಿಯೂ ಬರುವುದಿಲ್ಲ. ವಿಶ್ವೇಶ್ವರಯ್ಯನವರು ಕಟ್ಟಿದ್ದು ನಷ್ಟದ ಕಾರ್ಖಾನೆ ಎನ್ನುವವರು, ಅದು ಕಟ್ಟಿದ ಶಾಲೆಯನ್ನು ಮರೆಯುತ್ತಾರೆ. ಯಂತ್ರವನ್ನು ದುಡ್ಡು ಕೊಟ್ಟರೆ ನಾಳೆಯೇ ತರಿಸಬಹುದು. ಮೂರು ತಲೆಮಾರಿನ ಕೈಚಳಕ ತುಂಡಾದರೆ ಅದನ್ನು ಮತ್ತೆ ಮೂರು ತಲೆಮಾರು ಬೆಳೆಸಬೇಕು. ಶ್ರೀಮಂತ ದೇಶಗಳು ಇಂದು ಸಾವಿರಾರು ಕೋಟಿ ಚೆಲ್ಲಿ ಹುಡುಕುತ್ತಿರುವುದು, ನನಗೆ ತೋರುವಂತೆ, ಕಾರ್ಖಾನೆಗಳನ್ನಲ್ಲ, ಈ ಕೈಗಳನ್ನು. ನಮ್ಮಲ್ಲಿ ಅವು ಇನ್ನೂ ಇವೆ, ಆದರೆ ವಯಸ್ಸಾಗುತ್ತಿದೆ.

ಕಳೆದ ತಿಂಗಳು ಭದ್ರಾವತಿಗೆ ಹೋಗಿದ್ದೆ. ನನಗೆ ಗಾಜು ಕೊಟ್ಟ ಹಿರಿಯರು ಈಗಿಲ್ಲ. ಅವರ ಮಗ, ನನ್ನ ವಿದ್ಯಾರ್ಥಿ, ಈಗ ತಾನೇ ನಿವೃತ್ತಿಯ ಅಂಚಿನಲ್ಲಿದ್ದಾನೆ. ಮಾಚೇನಹಳ್ಳಿಯ ಕಡೆಯ ಎರಕದ ಕಾರ್ಖಾನೆಯೊಂದರಲ್ಲಿ ಕೆಲಸ. ಮನೆಯಲ್ಲಿ ಕಾಫಿ ಕೊಟ್ಟ. ಆ ಗಾಜು ಇದೆಯೇ ಎಂದು ಕೇಳಿದೆ. ಒಳಗಿನಿಂದ ತಂದು ತೋರಿಸಿದ. "ನನ್ನ ಮಗನಿಗೆ ಇದರ ಮೇಲೆ ಆಸೆ ಇಲ್ಲ ಸಾರ್, ಕಂಪ್ಯೂಟರ್ ಕಲೀತಿದಾನೆ. ಆದರೆ ಕಾರ್ಖಾನೆಗೆ ಹೊಸದಾಗಿ ಸೇರಿರೋ ಇಬ್ಬರು ಹುಡುಗರಿಗೆ ಹೇಳಿಕೊಡ್ತಿದೀನಿ" ಎಂದ. ಯಾರ ಮಕ್ಕಳು ಎಂದು ವಿಚಾರಿಸಿದೆ. ಒಬ್ಬನು ಚನ್ನಗಿರಿಯ ಕಡೆಯವನು, ಇನ್ನೊಬ್ಬನು ಒಡಿಶಾದವನು.

ಪೆನ್ಸಿಲ್ವೇನಿಯಾದ ಶಿಷ್ಯನಿಗೆ ಇದನ್ನೇ ಬರೆದು ಕಳುಹಿಸುತ್ತಿದ್ದೇನೆ. ಹಳೆಯ ಕುಲುಮೆಯ ಮುಂದೆ ಸಂಗೀತ ಕೇಳುವುದರಲ್ಲಿ ತಪ್ಪೇನೂ ಇಲ್ಲ ಕಣಯ್ಯ. ಆದರೆ ಅಲ್ಲಿ ಕೆಲಸ ಮಾಡಿದ ಮುದುಕರು ಯಾರಾದರೂ ಉಳಿದಿದ್ದರೆ ವಿಚಾರಿಸು, ಅವರು ತಮಗೆ ಗೊತ್ತಿದ್ದುದನ್ನು ಯಾರಿಗಾದರೂ ಹೇಳಿಕೊಟ್ಟರೇ ಎಂದು. ಅವರು ಕೊಡುವ ಉತ್ತರದಲ್ಲಿ ನಿನ್ನ ಪ್ರಶ್ನೆಗೂ ಅರ್ಧ ಉತ್ತರ ಸಿಕ್ಕೀತು. ಉಳಿದರ್ಧವನ್ನು ದಿಲ್ಲಿ ಬೆಂಗಳೂರುಗಳಲ್ಲಿ ಕುಳಿತವರು ಕೊಡಬೇಕು, ಬೇಗನೆ ಕೊಡಬೇಕು. ಕಬ್ಬಿಣವನ್ನು ಕಾದಾಗಲೇ ಬಡಿಯಬೇಕೆಂಬ ಗಾದೆಯನ್ನು ಬೆಂಕಿಪುರದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.